ಬೀದಿಯ ನಡುವೆ ಎಳೆದ ಗೆರೆ

ಅಳತೆಗೆಂದು ಕೈ ಎತ್ತಿ ನಿಂತ ಗಿರಾಕಿ ಓಡಿಹೋಗುವಂತಿಲ್ಲ ಎನ್ನುವುದು ಟೈಲರಿಗೆ ಚೆನ್ನಾಗಿ ಗೊತ್ತಿತ್ತು. ಎದೆಗೆ ಟೇಪು ಸುತ್ತಿದ್ದೇ ತಡ, ಆತ ತಮ್ಮ ಸಂಸತ್ ಕ್ಷೇತ್ರದ ಚರಿತ್ರೆ ಶುರು ಮಾಡುತ್ತಿದ್ದ. ಮೊದಲು ಬರೀ ಹೊಲ, ಆಮೇಲೆ ಇಟ್ಟಿಗೆ ಗೂಡು, ಆಮೇಲೆ ರೈಲು, ಕಾರ್ಮಿಕರ ಸಾಲುಮನೆ. ತೋಳಿನ ಅಳತೆಗೆ ಬರುವಷ್ಟರಲ್ಲಿ ಮೊದಲ ಚುನಾವಣೆ ಮುಗಿದಿರುತ್ತಿತ್ತು.

"ಕ್ಷೇತ್ರ ಹದಗೆಟ್ಟಿದ್ದು ಈ ಅಪಾರ್ಟ್‌ಮೆಂಟಿನವರು ಬಂದ ಮೇಲೆ" ಎಂದು ಕತೆ ಮುಗಿಯುತ್ತಿತ್ತು.

ಎದುರು ಬದಿಯ ಅಪಾರ್ಟ್‌ಮೆಂಟಿನ ನರ್ಸು ಸಮವಸ್ತ್ರ ಸಡಿಲ ಮಾಡಿಸಲು ಬಂದವಳು ಅದನ್ನು ಕೇಳಿಸಿಕೊಂಡಳು.

"ಅಣ್ಣಾ, ನಾನು ದುಡಿಯೋದು ಇಲ್ಲೇ, ಓಟಿರೋದೂ ಇಲ್ಲೇ. ಅಭ್ಯರ್ಥಿಗಳ ಸಭೇಲಿ ಒಂದು ಪ್ರಶ್ನೆ ಕೇಳ್ಬೇಕು ಅಂದ್ರೆ ನಿಮ್ಮ ನಾಗರಿಕರ ಸಂಘ ಬಿಡಲ್ಲ."

"ಹತ್ತು ವರ್ಷ ಇಲ್ಲಿದ್ದವರಿಗೆ ಮಾತ್ರ ಮೈಕು, ತಾಯಿ. ಬೇರು ಬಿಡೋಕೆ ಅಷ್ಟಾದ್ರೂ ಬೇಡ್ವಾ?"

ಆ ನಿಯಮ ಮಾಡಿದ್ದು ಅವನೇ, ಸಂಘದ ಕಾರ್ಯದರ್ಶಿ.

"ಬೇರು ಬಿಡೋಕೆ ನಾನೇನು ಗಿಡಾನಾ?" ಎಂದು ಆಕೆ ಹೊರಟುಹೋದಳು.

ಅಷ್ಟರಲ್ಲಿ ಸರ್ಕಾರ ಕ್ಷೇತ್ರವನ್ನೇ ಒಡೆಯಿತು. ಜನ ಮಿತಿಮೀರಿ ಹೆಚ್ಚಿದ್ದರಂತೆ. ಹೊಸ ಗಡಿ ಟೈಲರನ ಬೀದಿಯ ನಟ್ಟನಡುವೆ ಹಾದುಹೋಯಿತು. ಎದುರು ಬದಿ ಹಳೆಯ ಕ್ಷೇತ್ರದಲ್ಲೇ ಉಳಿಯಿತು. ಅವನ ಬದಿ ಪಕ್ಕದ ಕ್ಷೇತ್ರಕ್ಕೆ ಸೇರಿತು.

"ಮಲಗಿದ್ದು ಒಂದು ಕ್ಷೇತ್ರದಲ್ಲಿ, ಎದ್ದಿದ್ದು ಇನ್ನೊಂದರಲ್ಲಿ" ಎಂದಳು ಹೆಂಡತಿ. "ನಾನಿನ್ನೂ ಹಾಸಿಗೆನೂ ಮಡಚಿಲ್ಲ!"

ಅವನಿಗೆ ನಗು ಬರಲಿಲ್ಲ. ಅಂಗಡಿ ಮುಂದಿನ ಚರಂಡಿಯ ಬಗ್ಗೆ ದೂರು ಹೇಳಲು ಪಕ್ಕದ ಕ್ಷೇತ್ರದವರ ಸಭೆಗೆ ಹೋದ. ಕೈ ಎತ್ತಿದ. ಅಲ್ಲಿನ ಅಧ್ಯಕ್ಷ, ಔಷಧಿ ಅಂಗಡಿಯವನು, ಕನ್ನಡಕದ ಮೇಲಿಂದ ನೋಡಿದ.

"ನೀವು ಎಷ್ಟು ವರ್ಷದಿಂದ ಇಲ್ಲಿದ್ದೀರಿ?"

"ಹುಟ್ಟಿದಾಗಿನಿಂದ!"

"ನಮ್ಮ ಕ್ಷೇತ್ರದಲ್ಲಿ?"

ಟೈಲರ್ ಎತ್ತಿದ ಕೈ ಇಳಿಸಿದ. "ಮೂರು ವಾರ."

ಸಭೆ ಗೊಳ್ಳೆಂದಿತು. ಹಿಂದಿನ ಸಾಲಿನ ಮುದುಕನೊಬ್ಬ "ಹೊರಗಿನವರು ಬಂದು ಬಂದೇ ಕುರ್ಚಿ ಸಾಲ್ತಿಲ್ಲ" ಎಂದು ಗೊಣಗಿದ.

"ತಪ್ಪು ತಿಳ್ಕೋಬೇಡಿ" ಎಂದ ಅಧ್ಯಕ್ಷ. "ಹತ್ತು ವರ್ಷ ಆಗ್ಲೇಬೇಕು. ನಿಮ್ಮ ಸಂಘದ ನಿಯಮಾನೇ. ಚೆನ್ನಾಗಿತ್ತು, ನಾವೂ ಇಟ್ಕೊಂಡ್ವಿ."

ಟೈಲರ್ ಕುಳಿತುಕೊಂಡ. ಉಳಿದ ಹೊತ್ತೆಲ್ಲ ಯಾರು ಏನು ಮಾತಾಡಿದರೋ ಅವನ ಕಿವಿಗೆ ಬೀಳಲಿಲ್ಲ. ಬೆನ್ನ ಹಿಂದೆ ಆ ನಗು ಇನ್ನೂ ನಡೆದೇ ಇದೆ ಅನ್ನಿಸುತ್ತಿತ್ತು.

ಮರುವಾರ ಹಳೆಯ ಸಂಘದ ಸಭೆ. ಆ ಹೊರೆ ಹೊರಲು ಬೇರೆ ಯಾರೂ ಮುಂದೆ ಬಾರದ್ದರಿಂದ ಕಾರ್ಯದರ್ಶಿ ಇನ್ನೂ ಅವನೇ. ಅಭ್ಯರ್ಥಿ ಭಾಷಣ ಮುಗಿಸಿ, "ಪ್ರಶ್ನೆ ಇದೆಯಾ?" ಎಂದ. ನರ್ಸು ಗೋಡೆಯ ಪಕ್ಕ ಸುಮ್ಮನೆ ಕೂತಿದ್ದಳು. ಟೈಲರ್ ಮೈಕು ಹಿಡಿದು ಸೀದಾ ಅವಳ ಬಳಿಗೆ ನಡೆದ.

"ನಿಯಮ, ನಿಯಮ!" ಎಂದು ಖಜಾಂಚಿ ಕೂಗಿದ.

"ಹೊಲಿದವನು ನಾನೇ ಅಲ್ವೇನಯ್ಯಾ? ಬಿಗಿಯಾಗಿದೆ. ಬಿಚ್ತಾ ಇದ್ದೀನಿ."

ನರ್ಸು ಎದ್ದಳು. ರಾತ್ರಿ ಪಾಳಿಯವರಿಗೆ ಆಸ್ಪತ್ರೆಯಿಂದ ಬಸ್ಸು ಯಾಕಿಲ್ಲ ಎಂದು ಕೇಳಿದಳು. ಅಭ್ಯರ್ಥಿ ನೀರು ಕುಡಿದ. ಆಕೆ ಮತ್ತೆ ಕೇಳಿದಳು. ಅವಳ ಮಾತು ಮುಗಿಯುವವರೆಗೂ ಟೈಲರ್ ಪಕ್ಕದಲ್ಲೇ ನಿಂತು, ಮೈಕಿನ ವೈರು ಅವಳ ಕಾಲಿಗೆ ತೊಡರದಂತೆ ಎತ್ತಿ ಹಿಡಿದಿದ್ದ.