ಎರಡು ಒಣಹೊಳೆಗಳ ನಡುವೆ

ಕಲಹಾರಿ ಮರಳುಗಾಡಿನ ರಾಷ್ಟ್ರೀಯ ಉದ್ಯಾನದ ಬೇಲಿಯೊಳಗೆ ಹುಟ್ಟಿದವರು ನಮ್ಮಮ್ಮ ಗ್ರೀಟ ಮತ್ತು ಅವಳ ತಮ್ಮ ಆಂದ್ರೀಸ್. ನಮ್ಮ ಜನರನ್ನೆಲ್ಲ ಅಲ್ಲಿಂದ ಹೊರಹಾಕಿದಾಗ ಅಮ್ಮ ತಿಳುವಳಿಕೆ ಬಂದ ಹುಡುಗಿ. ಮಾವ ಅವಳ ಕೈ ಹಿಡಿದು ಅಳುತ್ತ ನಡೆದ ಮಗು. ಅದಕ್ಕೂ ಸ್ವಲ್ಪ ಮುಂಚೆ ಅವರ ತಾಯಿ, ನನ್ನ ಅಜ್ಜಿ, ಜ್ವರದಿಂದ ತೀರಿಕೊಂಡಿದ್ದಳು. ಆಮೇಲೆ ಇಬ್ಬರೂ ಒಮ್ಮೆಯೂ ಒಳಗೆ ಕಾಲಿಟ್ಟಿರಲಿಲ್ಲ.

ಈ ವರ್ಷ ಮಾವನ ಎದೆಯ ಕಾಯಿಲೆ ಜೋರಾಯಿತು. ಇನ್ನು ತಡಮಾಡಬಾರದೆಂದು ನಾನೇ ಇಬ್ಬರನ್ನೂ ಅಲ್ಲಿಗೆ ಕರೆದೊಯ್ಯುವ ಏರ್ಪಾಡಿಗೆ ನಿಂತೆ. ಪ್ರವಾಸಿಗರು ಅಲ್ಲಿ ಕಂಡಕಂಡಲ್ಲಿ ಗಾಡಿಯಿಂದ ಇಳಿಯುವಂತಿಲ್ಲ, ಸಿಂಹಗಳಿವೆ. ಬಂದೂಕು ಹಿಡಿದು ಜೊತೆಗೆ ಬರಲು ಕಾವಲುಗಾರ ಕೋಬಸ್ ಒಪ್ಪಿದ. ಆದರೆ ಅವನಿಗೆ ಬಿಡುವಿದ್ದದ್ದು ಒಂದೇ ದಿನ. ಕತ್ತಲಾಗುವ ಮೊದಲು ಹೊರಗೆ ಬರಬೇಕು.

ಜಗಳ ಹತ್ತಿದ್ದು ಅದಕ್ಕೇ. ಉದ್ಯಾನದ ಬಾಗಿಲು ದಾಟಿದ ಮೇಲೆ ದಾರಿ ಎರಡಾಗುತ್ತದೆ: ಒಂದು ಆಉಬ್ ಒಣಹೊಳೆಯ ಗುಂಟ, ಇನ್ನೊಂದು ನೊಸೊಬ್ ಒಣಹೊಳೆಯ ಗುಂಟ. ಒಂದು ದಿನದಲ್ಲಿ ಎರಡೂ ಆಗದು.

"ನೊಸೊಬ್‌ಗೆ ಹೋಗೋದು," ಎಂದಳು ಅಮ್ಮ, ಮನೆಯ ಒಲೆಯ ಬೂದಿಯಲ್ಲಿ ಹೂತಿದ್ದ ರೊಟ್ಟಿಯನ್ನು ಹೊರಳಿಸುತ್ತ. "ಅಮ್ಮನ್ನ ಮಣ್ಣು ಮಾಡಿದ್ದು ಅಲ್ಲಿ. ಕಣ್ಣಾರೆ ನೋಡಿದೀನಿ."

"ಆಉಬ್‌ಗೆ," ಎಂದ ಮಾವ.

"ನಿಂಗೇನೋ ಗೊತ್ತು? ಆಗಿನ್ನೂ ಮೂಗು ಒರೆಸ್ಕೊಳ್ಳೋಕೆ ಬರ್ತಿರ್ಲಿಲ್ಲ ನಿಂಗೆ."

"ಒರೆಸೋಕೆ ನೀನಿದ್ಯಲ್ಲಕ್ಕಾ," ಎಂದು ಮಾವ ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲೇ ಇಲ್ಲ. ಅಮ್ಮ ರೊಟ್ಟಿ ಬಿಟ್ಟು ಅವನ ಬೆನ್ನು ನೀವುತ್ತ ಕೂತಳು. ಮತ್ತೆ ಆ ಮಾತು ಎತ್ತಲಿಲ್ಲ.

ನಾನು ಗಾಡಿಗೆ ಡೀಸೆಲ್ ತುಂಬಿಸಿದೆ, ನೀರಿನ ಡಬ್ಬಗಳನ್ನು ಕಟ್ಟಿದೆ, ಮಾವ ಒರಗಲು ಹಿಂದಿನ ಸೀಟಿನಲ್ಲಿ ಕಂಬಳಿ ಹಾಸಿದೆ. ಯಾವ ದಾರಿಯೆಂದು ಮಾತ್ರ ಯಾರೂ ಹೇಳಲಿಲ್ಲ. ಕವಲಿಗೆ ಬಂದು ಗಾಡಿ ನಿಲ್ಲಿಸಿ ಅಮ್ಮನ ಮುಖ ನೋಡಿದೆ. ಅವಳು ನೊಸೊಬ್ ಕಡೆ ಬಹಳ ಹೊತ್ತು ನೋಡಿದಳು.

"ಅವನು ಹೇಳಿದ ಕಡೆ ತಿರುಗ್ಸಮ್ಮ," ಎಂದಳು.

ಆಉಬ್‌ನಲ್ಲಿ ನೀರಿರಲಿಲ್ಲ, ಎಂದಿನಂತೆ. ಉದ್ದ ಕೊಂಬಿನ ಜಿಂಕೆಗಳು ಅಲ್ಲಲ್ಲಿ ನೆರಳು ಹಿಡಿದು ನಿಂತಿದ್ದವು. ಮಾವ ಪ್ರತಿ ಜಾಲಿಮರವನ್ನೂ ದಿಟ್ಟಿಸುತ್ತಿದ್ದ. ನನಗೋ ಎಲ್ಲವೂ ಒಂದೇ ಥರ ಕಾಣುತ್ತಿದ್ದವು. ಸುಣ್ಣಕಲ್ಲಿನ ದಿಬ್ಬವೊಂದರ ಬುಡದಲ್ಲಿ ಅವನು ನನ್ನ ಭುಜ ತಟ್ಟಿದ. ಕೋಬಸ್ ಮೊದಲು ಇಳಿದು, ಸುತ್ತ ಹೆಜ್ಜೆಗುರುತು ನೋಡಿ, ಕೈ ಬೀಸಿದ.

ಮಾವ ಅಲ್ಲಿದ್ದ ಜಾಲಿಮರದ ಬುಡಕ್ಕೆ ಹೋಗಿ, ನೆಲದ ಮೇಲೆ ಹೊರಳಿಕೊಂಡಿದ್ದ ಬೇರಿನ ಮೇಲೆ ಅಂಗೈ ಇಟ್ಟ.

"ಇಲ್ಲಿ ಅಮ್ಮ ನನ್ನ ಕಟ್ಹಾಕ್ತಿದ್ಲು. ಸೊಂಟಕ್ಕೆ ಚರ್ಮದ ಪಟ್ಟಿ. ಅಲ್ಲಿ ಗೆಡ್ಡೆ ಅಗೀತಾ ಕೂತಿರೋಳು. ನಾನು ಅತ್ರೆ ತಿರುಗಿ ನೋಡಿ ನಾಲಿಗೆ ಚಾಚಿ ಅಣಕಿಸೋಳು."

"ಆಂದ್ರೀಸ್, ಇದು ಗೋರಿ ಅಲ್ಲ ಕಣೋ," ಎಂದಳು ಅಮ್ಮ ಮೆಲ್ಲಗೆ.

"ಗೋರಿ ಅಂತ ನಾನು ಯಾವಾಗ ಅಂದೆ? ಅದೆಲ್ಲಿದೆಯೋ ನಂಗೊತ್ತಿಲ್ಲ. ಅವಳ ಮುಖ ನೆನಪಿರೋದು ಇದೊಂದೇ ಜಾಗದಲ್ಲಿ ಅಕ್ಕಾ. ಬೇರೆಲ್ಲೂ ಬರಲ್ಲ."

ಅಮ್ಮ ನಿಂತಲ್ಲೇ ನಿಂತಳು. ಅಷ್ಟು ವರ್ಷ ಅವಳು ತಾಯಿಯ ಜ್ವರದ ಮುಖವನ್ನಷ್ಟೇ ಹೊತ್ತು ತಿರುಗಿದ್ದಳು. ನಿಧಾನವಾಗಿ ಹೋಗಿ ತಮ್ಮನ ಪಕ್ಕ ಕೂತಳು. ಇಬ್ಬರೂ ನನಗೆ ಕಲಿಸದೇ ಬಿಟ್ಟ ಹಳೆಯ ಭಾಷೆಯಲ್ಲಿ ಮಾತಾಡತೊಡಗಿದರು. ನಡುವೆ ಅಮ್ಮ ಒಮ್ಮೆ ನಾಲಿಗೆ ಚಾಚಿ ತೋರಿಸಿದಳು, ಆಮೇಲೆ ಅತ್ತಳು. ಕೋಬಸ್ ನಮಗೆ ಬೆನ್ನು ಮಾಡಿ ನಿಂತುಕೊಂಡ. ಹೊತ್ತಾಯಿತೆಂದು ಅವನು ಹೇಳುವವರೆಗೂ ಯಾರೂ ಏಳಲಿಲ್ಲ.

ಚಳಿಗಾಲ ಮುಗಿಯುವ ಮೊದಲೇ ಮಾವ ತೀರಿಕೊಂಡ.

ಮಳೆ ಬಿದ್ದ ಮೇಲೆ ಕೋಬಸ್ ಜೊತೆ ಅಮ್ಮನನ್ನು ನೊಸೊಬ್‌ಗೆ ಕರೆದೊಯ್ದೆ. ಗೋರಿ ಸಿಗಲಿಲ್ಲ. ಮರಳು ಸರಿದು ದಿಬ್ಬಗಳೇ ಜಾಗ ಬದಲಿಸಿದ್ದವು. ಅಮ್ಮ ಹುಡುಕುವುದನ್ನು ನಿಲ್ಲಿಸಿ, ಚಿಟಿಕೆ ತಂಬಾಕನ್ನು ತಾಯಿಯ ಪಾಲೆಂದು ಗಾಳಿಗೆ ಬಿಟ್ಟಳು.

"ಆಂದ್ರೀಸ್ ಬಂದಿದಾನೆ ನಿನ್ ಹತ್ರ," ಎಂದಳು. "ಕೆಮ್ಮು ಜಾಸ್ತಿ ಅವನಿಗೆ. ತಣ್ಣೀರು ಕೊಡಬೇಡ."