ಮಹದೇವಮ್ಮನವರ ಹಿತ್ತಿಲ ಆವರಿಕೆ

ಬೇಸಿಗೆ ಬಂತೆಂದರೆ ಒಂಟಿಕೊಪ್ಪಲಿನ ನಲ್ಲಿಯಲ್ಲಿ ನೀರು ಬರುವುದಕ್ಕಿಂತ ಸರದಿಯಲ್ಲಿ ಮಾತು ಬರುವುದೇ ಹೆಚ್ಚು. ೧೯೫೮ರಲ್ಲೂ ಹಾಗೇ ಆಗಿತ್ತು. ಮಹದೇವಮ್ಮನವರ ಮನೆಯ ಮಲ್ಲಿಗೆಗೆ ಮಾತ್ರ ದಿನಕ್ಕೆ ನಾಲ್ಕು ಕೊಡ ನೀರು ಬೇಕು. ಲಿಂಗಪೂಜೆಗೆ ಮನೆಯ ಹೂವೇ ಆಗಬೇಕೆಂದು ಅವರ ಹಟ. ಬೀದಿಯ ತುದಿಯ ಬಾವಿಯಿಂದ ಹೊರುವವಳು ಸೊಸೆ ನೀಲಮ್ಮ, ಎರಡನೆಯ ಬಸುರಿ, ಏಳು ತಿಂಗಳು. ಬೆನ್ನು ನೋಯುತ್ತದೆಂದು ಬಾಯಿ ಬಿಡುವವಳಲ್ಲ.

ಪಕ್ಕದ ಮನೆಯ ಬೆಟ್ಟಯ್ಯ ಪಾರ್ಕಿನಲ್ಲಿ ಮಾಲಿ. ನೀಲಮ್ಮನ ಪಾಡು ನೋಡಲಾರದೆ ಒಂದು ದಿನ, ತಾನೇ ಬೀಜ ಊರಿ ಬೆಳೆಸಿದ ಆವರಿಕೆ ಸಸಿ ತಂದುಕೊಟ್ಟ. ಚಾಮುಂಡಿಬೆಟ್ಟದ ತಪ್ಪಲಲ್ಲಿ ಹಳದಿ ಹೂ ಬಿಟ್ಟುಕೊಂಡು ನಿಂತಿರುತ್ತದಲ್ಲ, ಅದೇ. ಬೇರು ಇಳಿದರೆ ಬೇಸಿಗೆಯಲ್ಲೂ ನೀರು ಕೇಳದು, ವರ್ಷವರ್ಷವೂ ಹೂ ಕೊಡುತ್ತದೆ ಎಂದ. ಬೇಲಿಯ ಹೂ ದೇವರಿಗಾ ಎಂದು ಮಹದೇವಮ್ಮ ಮೂಗು ಮುರಿದರು. ಆದರೂ ಹಿತ್ತಿಲಲ್ಲಿ ನೆಡಿಸಿದರು.

ಹದಿನೈದೇ ದಿನಕ್ಕೆ ಎಲೆ ಹಳದಿಯಾಗಿ ಉದುರತೊಡಗಿತು. ಕಾಡಿನದು ಮನೆಗೆ ಒಗ್ಗುವುದಿಲ್ಲ ಎಂದರು ಮಹದೇವಮ್ಮ. ಸೊಸೆಯ ಸೊಂಟದಿಂದ ಕೊಡ ಇಳಿಯಲಿಲ್ಲ. ಆ ವಾರವೇ ನೀಲಮ್ಮ ಬಾವಿಕಟ್ಟೆಯ ಹತ್ತಿರ ಕಣ್ಣು ಕತ್ತಲೆ ಬಂದು ಕುಸಿದಳು. ದಾದಿ ಬಂದು ನೋಡಿ, ಮಗು ಕ್ಷೇಮವಾಗಿದೆ, ಆದರೆ ಇನ್ನೊಂದು ಕೊಡ ಹೊತ್ತರೆ ತಾನು ಏನೂ ಹೇಳಲಾರೆ ಎಂದಳು.

ಸುದ್ದಿ ಕೇಳಿ ಬಂದ ಬೆಟ್ಟಯ್ಯ ಆವರಿಕೆಯ ಬುಡಕ್ಕೆ ಬೆರಳು ಇಳಿಸಿದ. ಕೆಸರು ಅಂಟಿ ಬಂತು.

"ಅಮ್ಮಾವ್ರೆ, ಇದಕ್ಕೆ ನೀರು ಹಾಕ್ತಿದ್ದೀರಾ?"

"ಎಲ್ಲಿ ಹಾಕ್ತೀನಪ್ಪ? ಪೂಜೆ ನೀರು ತುಳೀಬಾರದು ಅಂತ ಇಲ್ಲಿ ಸುರಿದ್ಬುಡ್ತೀನಿ, ಅಷ್ಟೇ. ಮನೇಲಿ ನಾಲ್ಕು ಜನ, ಒಬ್ಬೊಬ್ಬರದೂ ಎರಡು ಹೊತ್ತು ಲಿಂಗಪೂಜೆ."

"ಅದೇ ಕಣ್ರಮ್ಮ. ಇದು ಬಾಯಾರಿ ಸಾಯ್ತಾ ಇಲ್ಲ, ಬೇರು ಕೊಳೆತು ಸಾಯ್ತಾ ಐತೆ. ಆ ನೀರ ತೆಂಗಿಗೆ ಹಾಕಿ. ಇದಕ್ಕೆ ಮೊದಲ ಬೇಸಿಗೆ ವಾರಕ್ಕೊಂದು ಚೊಂಬು ಸಾಕು. ಆಮೇಲೆ ಅದರ ಪಾಡಿಗೆ ಬುಟ್ಬುಡಿ."

ಮಹದೇವಮ್ಮ ಬಗ್ಗಿ ತಾವೂ ಬುಡದ ಮಣ್ಣು ಮುಟ್ಟಿ ನೋಡಿದರು. ಭಕ್ತಿಯಿಂದ ಸುರಿದ ನೀರು ಗಿಡವನ್ನು ಕೊಲ್ಲುತ್ತಿತ್ತು. ಭಕ್ತಿಯಿಂದಲೇ ಹೊರಿಸಿದ ನೀರು ಏನು ಮಾಡಿಬಿಡುತ್ತಿತ್ತೋ ಎಂದು ನೆನೆಯಲೂ ಅವರಿಗೆ ಭಯವಾಯಿತು. ಅಂದೇ ಮಲ್ಲಿಗೆಗೆ ನೀರು ಹೊರುವುದು ನಿಂತಿತು. ಪೂಜೆಗೆ ಒಂದು ಬಿಲ್ವಪತ್ರೆ ಸಾಕೆಂದರು.

ನೀಲಮ್ಮ ಹೆಣ್ಣುಮಗು ಹೆತ್ತಳು. ಮಳೆಗಾಲ ಮುಗಿಯುವಷ್ಟರಲ್ಲಿ ಆವರಿಕೆ ಚಿಗುರಿ ಮೊದಲ ಗೊಂಚಲು ಬಿಟ್ಟಿತು. ಮಹದೇವಮ್ಮ ನಾಲ್ಕು ಹೂ ಕಿತ್ತು, ಉಳಿದದ್ದನ್ನು ಬೀಜಕ್ಕೆ ಬಿಟ್ಟರು. ಪೂಜೆ ಮುಗಿಸಿ ಬಂದು ಸೊಸೆಯ ಪಕ್ಕ ಕುಳಿತರು.

"ಇಷ್ಟು ದಿನ ನಿನ್ನ ಬೆನ್ನನ್ನೇ ದೇವರಿಗೆ ಏರಿಸ್ತಿದ್ದೆ ಕಣವ್ವ. ಹೂ ಏರಿಸಿದ್ದು ಇವತ್ತೇ."

ಓದುತ್ತಿರುವ ಅಕ್ಕಂದಿರೆ, ಅಣ್ಣಂದಿರೆ, ಆವರಿಕೆಯನ್ನು ಬೆಟ್ಟದಿಂದ ಕಿತ್ತು ತರಬೇಡಿ, ಬೇರು ಮುರಿದರೆ ಅದು ಬದುಕದು. ಒಣಗಿದ ಕಾಯಿಯ ಬೀಜ ತಂದು, ಬಿಸಿನೀರಿನಲ್ಲಿ ಒಂದು ರಾತ್ರಿ ನೆನೆಹಾಕಿ, ಬಿಸಿಲು ಬೀಳುವ, ನೀರು ನಿಲ್ಲದ ಕಡೆ ಮಳೆಗಾಲದ ಮೊದಲಲ್ಲಿ ಊರಿ. ಹೂ ಮುಗಿದ ಮೇಲೆ ರೆಂಬೆಗಳ ತುದಿ ಕತ್ತರಿಸಿ. ನೀರು ಹಾಕುವ ಮುಂಚೆ ಮಣ್ಣು ಮುಟ್ಟಿ ನೋಡಿ. ನಿಮ್ಮ ಮನೆಯ ಹೂವಿಗೆ ನೀರು ಹೊರುತ್ತಿರುವವರು ಯಾರೆಂದೂ ಒಮ್ಮೆ ತಿರುಗಿ ನೋಡಿ.