ಫೈಲಿಗೆ ಹೊಲಿದ ಸೀಡಿ

ಸೀಡಿಯನ್ನು ದಬ್ಬಳ ಹಾಕಿ ಹೊಲಿದಿದ್ದರು. ಹೌದು, ಗೋಣಿಚೀಲ ಹೊಲಿಯುವ ದಬ್ಬಳ. ಅರ್ಜಿ, ನಕ್ಷೆ, ರೇಷನ್ ಕಾರ್ಡಿನ ಝೆರಾಕ್ಸು ಎಲ್ಲವನ್ನೂ ಒಂದರ ಮೇಲೊಂದು ಪೇರಿಸಿ, ಸೀಡಿಯನ್ನೂ ಒಂದು ಹಾಳೆಯೆಂದೇ ತಿಳಿದು, ಅಂಚಿಗೆ ತೂತು ಕೊರೆದು ದಾರ ಪೋಣಿಸಿದ್ದರು. ಮಾಗ್ದಲೀನಾ ಅದನ್ನು ತಂದು ನನ್ನ ಕೌಂಟರಿನ ಮೇಲಿಟ್ಟಾಗ ತೂತಿನಲ್ಲಿ ಬಿಳಿ ದಾರದ ತುಂಡು ಇನ್ನೂ ನೇತಾಡುತ್ತಿತ್ತು.

"ಯಾವ ಮುಠ್ಠಾಳ ಮಾಡಿದ್ದು ಇದನ್ನ?" ಎಂದೆ.

"ಕಚೇರಿಯಾಗ್ರಿ ಅಕ್ಕಾರ. ಫೈಲಿಗೆ ಹಚ್ಚಿದ್ರಂತ."

ಯಾವ ಕಚೇರಿ ಎಂದು ಹೇಳುವುದಿಲ್ಲ. ಹಳಿಯಾಳದಲ್ಲಿ ಹದಿನೆಂಟು ವರ್ಷದಿಂದ ಕಂಪ್ಯೂಟರ್, ಝೆರಾಕ್ಸ್ ಅಂಗಡಿ ನಡೆಸುವವಳು ನಾನು. ನಾಳೆ ಏನಾದರೊಂದು ಕಾಗದಕ್ಕೆ ನಾನೂ ಅಲ್ಲಿ ಸಾಲು ನಿಲ್ಲಬೇಕು. ಈ ದಾನೇಶ್ವರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಬಸ್ ನಿಲ್ದಾಣದ ಸುತ್ತಲಿನವರೆಲ್ಲ ನನ್ನ ಬಗ್ಗೆ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಇಂಥದ್ದನ್ನು ಕಣ್ಣಾರೆ ಕಂಡೂ ಸಿಟ್ಟು ಬಾರದವರ ಮೈಯಲ್ಲಿ ಹರಿಯುವುದು ರಕ್ತವೋ ಮಜ್ಜಿಗೆಯೋ ನನಗೆ ಗೊತ್ತಿಲ್ಲ.

ಆ ಸೀಡಿಯಲ್ಲಿ ಇದ್ದದ್ದು ಮಾಗ್ದಲೀನಾಳ ಅಪ್ಪ ಕಾಯತಾನ. ದಾಂಡೇಲಿ ರಸ್ತೆಯಿಂದ ಕಾಡಿನೊಳಕ್ಕೆ ಹೋದರೆ ಸಿಗುವ ಸಿದ್ದಿ ಕೇರಿಯಲ್ಲಿ ಎರಡೆಕರೆ ಗದ್ದೆ ಮಾಡುತ್ತಿದ್ದ ಮುದುಕ. ಅರಣ್ಯ ಹಕ್ಕಿಗೆ ಅರ್ಜಿ ಹಾಕಿದ 2010ರಲ್ಲಿ ಊರಿನ ಸಮಿತಿಯವರು ಆತನನ್ನು ಗದ್ದೆಯ ನಾಲ್ಕೂ ಮೂಲೆಗೆ ನಡೆಸಿ ವಿಡಿಯೋ ಮಾಡಿದ್ದರು. ಯಾವ ಬದು ಯಾರು ಕಟ್ಟಿದ್ದು, ಹಲಸು ಯಾರು ನೆಟ್ಟದ್ದು, ಅಪ್ಪನನ್ನು ಎಲ್ಲಿ ಮಣ್ಣು ಮಾಡಿದ್ದು, ಎಲ್ಲವನ್ನೂ ಆತ ಕೋಲು ಊರಿ ತೋರಿಸಿ ಹೇಳಿದ್ದ. ಅದನ್ನು ಕ್ಯಾಮೆರಾದಿಂದ ಸೀಡಿಗೆ ಹಾಕಿಕೊಟ್ಟದ್ದು ನಾನೇ. ಮೂರು ವರ್ಷಕ್ಕೆ ಕಾಯತಾನ ತೀರಿಕೊಂಡ. ಕ್ಯಾಮೆರಾ ಯಾರದ್ದೋ, ಅದು ಎಲ್ಲಿ ಹೋಯಿತೋ. ಅರ್ಜಿ ತಿರಸ್ಕಾರವಾಯಿತು, ಮೇಲ್ಮನವಿ ಹಾಕಿದರು, ಅದು ಒಂದು ಮೇಜಿನಿಂದ ಇನ್ನೊಂದಕ್ಕೆ ಅಲೆಯುತ್ತ ಹದಿನೈದು ವರ್ಷ ತಿಂದಿತು. ಈಗ ಗುರುವಾರ ಕೊನೆಯ ವಿಚಾರಣೆ. ಗದ್ದೆ ನಿಮ್ಮದು ಎನ್ನಲು ಸಾಕ್ಷಿ ಏನು ಎಂದು ಕೇಳುತ್ತಾರೆ. ಸಾಕ್ಷಿ ಈ ಸೀಡಿ ಒಂದೇ. ಅದಿಲ್ಲದಿದ್ದರೆ ಮಾಗ್ದಲೀನಾ ಗದ್ದೆ ಬಿಟ್ಟು ಏಳಬೇಕು.

"ಅವರ ಕಂಪ್ಯೂಟರಿಗೆ ಸೀಡಿ ಹಾಕೋ ಜಾಗಾನ ಇಲ್ಲಂತ್ರಿ" ಎಂದಳು. "ಪೆನ್‌ಡ್ರೈವಿಗೆ ಹಾಕಿಸ್ಕೊಂಡು ಬಾ ಅಂತ ದಾರಾ ಕತ್ತರಿಸಿ ಕೊಟ್ರು."

ಅವತ್ತು ಮಂಗಳವಾರ. ನಾನು ಸೀಡಿಯನ್ನು ಡ್ರೈವಿಗೆ ಹಾಕಿ ಕಾಪಿ ಕೊಟ್ಟೆ. ಗಿರ್ ಎಂದು ತಿರುಗಿತು, ನೂರರಲ್ಲಿ ಐವತ್ತೆಂಟರವರೆಗೆ ಸರಾಗವಾಗಿ ಹೋಯಿತು, ಆಮೇಲೆ ಡ್ರೈವು ಕೆಮ್ಮಲು ಶುರು ಮಾಡಿತು. ಐದು ನಿಮಿಷ ಕೆಮ್ಮಿ, ಫೈಲ್ ಓದಲು ಆಗುತ್ತಿಲ್ಲ ಎಂದು ತೋರಿಸಿ, ಅಲ್ಲಿಯವರೆಗೆ ಮಾಡಿದ್ದನ್ನೂ ಅಳಿಸಿಬಿಟ್ಟಿತು. ಮತ್ತೆ ಹಾಕಿದೆ. ಮತ್ತೆ ಐವತ್ತೆಂಟು. ಇನ್ನೊಂದು ಕಂಪ್ಯೂಟರಿಗೆ ಹಾಕಿದರೆ ಅದು ಸೀಡಿಯೇ ಇಲ್ಲವೆಂದಿತು.

ಮಾಗ್ದಲೀನಾ ಸೀಡಿ ತೆಗೆದುಕೊಂಡು ಸೆರಗಿನಿಂದ ಗರಗರ ಉಜ್ಜತೊಡಗಿದಳು.

"ಏ, ಬಿಡು! ಗಂಗಾಳಾ ತಿಕ್ಕಿದಂಗ ತಿಕ್ಕಬ್ಯಾಡ. ಸುತ್ತ ಒರಸಿದ್ರ ಗೆರಿ ಬೀಳ್ತಾವು" ಎಂದು ಕಸಿದುಕೊಂಡೆ. ಮೆತ್ತನೆಯ ಬಟ್ಟೆಯನ್ನು ತುಸು ಒದ್ದೆ ಮಾಡಿ, ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿದೆ. ಆಕೆ ಕೈ ಕಟ್ಟಿಕೊಂಡು ನಿಂತಳು. ಒರೆಸಿದ ಮೇಲೂ ಐವತ್ತೆಂಟೇ.

ಪಿತ್ತ ನೆತ್ತಿಗೇರಿತು. ಕಚೇರಿಗೆ ಫೋನ್ ಹಚ್ಚಿದೆ. ಎತ್ತಿದವನು ರುದ್ರೇಶ ಎಂಬ ಗುಮಾಸ್ತ. ಹೆಸರು ಹೇಳಿದ್ದೇ ತಡ, ಮುಂದಿನ ಮಾತಿಗೆ ನಾನು ಬಿಡಲಿಲ್ಲ.

"ಸೀಡಿ ಅಂದ್ರ ಏನು ಅಂತ ಗೊತ್ತೈತೇನು ನಿಮಗ? ಅದರಾಗ ಒಬ್ಬ ಮನಶ್ಯಾ ಅದಾನ! ಸತ್ತ ಮನಶ್ಯಾ! ಆತನ ಮೈಯಾಗ ದಬ್ಬಳಾ ಚುಚ್ಚೀರಿ!"

"ಮೇಡಂ, ನಾ ಇಲ್ಲಿಗೆ ಬಂದು ಎರಡು ವರ್ಷ ಆತ್ರಿ. ಹೊಲದದ್ದು ನಾ ಅಲ್ರಿ" ಎಂದ ಅವನು. "ಫೈಲಿನ್ಯಾಗಿಂದ ಒಂದು ಹಾಳಿ ಕಳದ್ರೂ ನಮ್ಮ ತಲಿಗೆ ಬರ್ತೇತ್ರಿ. ಅದಕ್ಕ ಎಲ್ಲಾ ಹೊಲದ ಇಡ್ತಾರ."

"ಹೊಲೀರಿ! ನಾಳೆ ಅರ್ಜಿ ತಂದಾವರನ್ನೂ ಹಿಡದು ಹೊಲೀರಿ!" ಎಂದು ಫೋನ್ ಕುಕ್ಕಿದೆ. ಹೊರಗೆ ಬಾಂಡ್ ಪೇಪರ್ ಹಿಡಿದು ನಿಂತಿದ್ದವರು ಎರಡು ಹೆಜ್ಜೆ ಹಿಂದೆ ಸರಿದರು. ಮಾಗ್ದಲೀನಾಳ ಮುಖದಲ್ಲಿ ಮಾತ್ರ ತನ್ನ ಪರವಾಗಿ ಒಬ್ಬರಾದರೂ ಬೈದರಲ್ಲ ಎಂಬ ಸಮಾಧಾನ ಕಂಡಿತು. ನನಗೂ ಹಿತವೆನಿಸಿತು. ಸಾಯಂಕಾಲದೊಳಗೆ ಏನಾದರೂ ಮಾಡುತ್ತೇನೆ, ನಾಳೆ ಬಾ ಎಂದು ಆಕೆಯನ್ನು ಬಸ್ಸಿಗೆ ಕಳಿಸಿದೆ.

ಪಕ್ಕದ ಅಂಗಡಿ ಇರ್ಫಾನ್ ಭಾಯಿಯದು. ಮಿಕ್ಸರ್, ಟೀವಿ ರಿಪೇರಿ ಮಾಡುತ್ತಾನೆ. ನನ್ನ ಕೂಗಾಟ ಕೇಳಿ, ಗುಜರಿಯಲ್ಲಿ ಬಿದ್ದ ಹಳೆಯ ಕಂಪ್ಯೂಟರಿನಿಂದ ಸೀಡಿ ಡ್ರೈವೊಂದನ್ನು ಬಿಚ್ಚಿಕೊಂಡು ತಾನೇ ಬಂದ.

"ಈಗಿನ ಡ್ರೈವು ಬಾಳ ಜೋರ ತಿರಗಸ್ತಾವ ಅಕ್ಕಾರ. ಇದು ಮುದುಕ, ನಿಧಾನ ಓದತೇತಿ. ತೂತು ಬಿದ್ದದ್ದನ್ನ ಜೋರ ತಿರಗಿಸಿದ್ರ ಒಳಗ ಚೂರಾಗಿ ಹೋದೀತು."

"ಆ ತೂತು ಮಾಡಿದಾವನ್ನ ತಿರಗಸಬೇಕು ಅದರಾಗ ಹಾಕಿ."

ಅವನು ನಗುತ್ತ ಸೀಡಿಯನ್ನು ಬೋರಲು ಹಿಡಿದು ನೋಡಿದ. ಆಮೇಲೆ ನಗಲಿಲ್ಲ. "ಅಕ್ಕಾರ, ತೂತಿಂದಲ್ರಿ ಇದು" ಎಂದ.

"ಏನಂದಿ?"

"ಸೀಡಿ ಒಳಗಿಂದ ಹೊರಗ ತುಂಬತೇತಿ. ನೋಡ್ರಿ, ತುಂಬಿದ ಭಾಗದ ಬಣ್ಣ ಬ್ಯಾರೆ ಐತಿ. ಅದು ಇಲ್ಲಿಗೇ ಮುಗೀತು. ತೂತು ಅದರಾಚಿ ಖಾಲಿ ಜಾಗದಾಗ ಐತಿ. ತೂತಿನ ಸೀಳೂ ಒಳಗ ಬಂದಿಲ್ಲ."

ನಿಜ. ಬರೆದ ಭಾಗಕ್ಕೂ ತೂತಿಗೂ ನಡುವೆ ಒಂದು ಬೆರಳಿನಷ್ಟು ಖಾಲಿ ಜಾಗವಿತ್ತು. "ಹಂಗಾದ್ರ ಯಾಕ ಓದವಲ್ದು?" ಎಂದೆ. ಅವನು ಸೀಡಿಯನ್ನು ಟ್ಯೂಬ್‌ಲೈಟಿಗೆ ಎತ್ತಿ ಹಿಡಿದ, ಹೊರಳಿಸಿದ, ನನ್ನ ಕೈಗೆ ಕೊಟ್ಟ.

ನಾನೂ ಎತ್ತಿ ಹಿಡಿದೆ. ಸೀಡಿಯ ಬೆಳ್ಳಿ ಬಣ್ಣದಲ್ಲಿ ಅಕ್ಷರಗಳ ಉದ್ದಕ್ಕೂ ಬೆಳಕು ತೂರಿ ಬರುತ್ತಿತ್ತು. ಕೆಳಗಿನಿಂದ ನೋಡುತ್ತಿದ್ದರಿಂದ ತಿರುಗುಮುರುಗಾಗಿತ್ತು, ಆದರೂ ಓದಿದೆ: ಕಾಯತಾನ ಇನಾಸ ಸಿದ್ದಿ, ಜಮೀನಿನ ಚಕ್ಕುಬಂದಿ, 2010. ಬಾಲ ಉದ್ದ ಎಳೆದ ಆ ಯಕಾರ ಈ ಪೇಟೆಯಲ್ಲಿ ನನ್ನದು ಬಿಟ್ಟು ಇನ್ಯಾರದ್ದೂ ಅಲ್ಲ.

ಎಲ್ಲರೂ ಸೀಡಿಯ ಕೆಳಭಾಗವನ್ನು ಜೋಪಾನ ಮಾಡುತ್ತಾರೆ. ಅಸಲಿಗೆ ವಿಡಿಯೋ ಹಿಡಿದಿಡುವ ಆ ಬೆಳ್ಳಿಯ ಪೊರೆ ಇರುವುದು ನಾವು ಹೆಸರು ಬರೆಯುವ ಮೇಲ್ಭಾಗದ ಬುಡದಲ್ಲೇ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ. ಅದಕ್ಕೇ ಅದರ ಮೇಲೆ ಮೆತ್ತನೆಯ ಮಾರ್ಕರಿನಲ್ಲಿ ಬರೆಯಬೇಕು, ಬಾಲ್ ಪೆನ್ ಊರಬಾರದು. ಇದು ನನಗೆ ಅವತ್ತೂ ಗೊತ್ತಿತ್ತು. ಮಾರ್ಕರ್ ಡ್ರಾಯರಿನಲ್ಲೇ ಇತ್ತು, ಹುಡುಕುವ ವ್ಯವಧಾನ ಇರಲಿಲ್ಲ.

ಆ ದಿನ ಪರೀಕ್ಷೆಯ ಫಾರ್ಮ್ ತುಂಬುವವರಿಂದ ಅಂಗಡಿ ತುಂಬಿತ್ತು. ಕಾಯತಾನ ಕೌಂಟರ್ ಬಿಟ್ಟು ಅಲ್ಲಾಡಲಿಲ್ಲ. ಹೆಸರು ಬರೆಯಿರಿ ಎಂದ, ಬರೆದೆ. ನಮ್ಮಪ್ಪ ಇನಾಸನ ಹೆಸರೂ ಬರೆಯಿರಿ ಎಂದ, ಬರೆದೆ. ಓದಿ ಹೇಳಿರಿ ಎಂದ, ಓದಿದೆ. ಆಮೇಲೆ ಬಗ್ಗಿ ನೋಡಿ, "ಅಳಿಸಿ ಹೋಗದಂಗ ಬರೀರಿ ಬಾಯಾರ" ಎಂದ. ನನ್ನ ತಲೆ ಕೆಟ್ಟಿತು. ಇಗೋ, ಇಗೋ, ಅಳಿಸುತ್ತದೇನು ನೋಡು ಎಂದು ಬಾಲ್ ಪೆನ್ನನ್ನು ಊರಿ ಊರಿ ಅವೇ ಅಕ್ಷರಗಳ ಮೇಲೆ ಮೂರು ಸಲ ತಿದ್ದಿದೆ. ಮುದುಕನ ಮೇಲಿನ ಸಿಟ್ಟನ್ನೆಲ್ಲ ಪೆನ್ನಿನ ತುದಿಗೆ ತಂದು ತಿದ್ದಿದೆ. ಆತ ಕೈಮುಗಿದು ಹೋದ.

ಇರ್ಫಾನ್ ಭಾಯಿ ಡ್ರೈವಿನ ತಂತಿ ಜೋಡಿಸುತ್ತ ತಲೆ ಎತ್ತಲಿಲ್ಲ. "ತೂತು ಅಂತೂ ಎಲ್ಲಾರಿಗೂ ಕಾಣತೇತಿ" ಎಂದಷ್ಟೇ ಹೇಳಿದ. ನಾನು ಬಾಯಿ ಬಿಡದಿದ್ದರೆ ತಾನೂ ಬಿಡುವುದಿಲ್ಲ ಎಂದರ್ಥ. ಅವನ ಒಳ್ಳೆಯತನಕ್ಕೂ ನನಗೆ ಸಿಟ್ಟು ಬಂತು.

ಹಳೆಯ ಡ್ರೈವನ್ನು ಎಲ್ಲಕ್ಕಿಂತ ಕಡಿಮೆ ವೇಗಕ್ಕೆ ಇಟ್ಟೆವು. ಸಾಮಾನ್ಯ ಕಾಪಿ ಒಂದು ಕಡೆ ಎಡವಿದರೆ ಅಲ್ಲೇ ಕೈ ಚೆಲ್ಲುತ್ತದೆ. ಇರ್ಫಾನ್ ಹತ್ತಿರ ಇದ್ದ ಪ್ರೋಗ್ರಾಂ ಹಾಗಲ್ಲ. ಕೆಟ್ಟ ಜಾಗ ಬಿಟ್ಟು ಮುಂದಿನದನ್ನೆಲ್ಲ ಮೊದಲು ತೆಗೆದಿಟ್ಟುಕೊಂಡು, ಆಮೇಲೆ ಕೆಟ್ಟ ಜಾಗಕ್ಕೇ ಮರಳಿ ಬಂದು, ಅಲ್ಲಿಂದ ಚೂರು ಇಲ್ಲಿಂದ ಚೂರು ಹೆಕ್ಕುತ್ತದೆ. ಅವತ್ತು ಸಂಜೆವರೆಗೆ ಹೆಕ್ಕಿತು, ಬುಧವಾರ ಬೆಳಿಗ್ಗೆ ಮತ್ತೆ ಹೆಕ್ಕಿತು. ಮಧ್ಯಾಹ್ನ ಮಾಗ್ದಲೀನಾ ಬರುವ ಹೊತ್ತಿಗೆ ಹದಿಮೂರು ನಿಮಿಷದ ವಿಡಿಯೋದಲ್ಲಿ ನಲವತ್ತು ಸೆಕೆಂಡು ಬಿಟ್ಟು ಉಳಿದದ್ದೆಲ್ಲ ಪೆನ್‌ಡ್ರೈವಿಗೆ ಬಂದಿತ್ತು. ಆ ನಲವತ್ತು ಸೆಕೆಂಡು ಇನ್ನು ಬರುವುದಿಲ್ಲ.

ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ ಹಾಕಿದೆ. ಕಾಯತಾನ ಬದುವಿನ ಮೇಲೆ ನಡೆದು ಬಂದ. ಮೊದಲ ಮೂಲೆ ತೋರಿಸಿದ, ಎರಡನೆಯದು ತೋರಿಸಿದ. ಮೂರನೆಯ ಮೂಲೆಯಲ್ಲಿ ಕೋಲು ಎತ್ತಿ "ಇಲ್ಲಿ ನಮ್ಮಪ್ಪ" ಎಂದವನು ಬಾಯಿ ತೆರೆದು ಹಾಗೇ ನಿಂತುಬಿಟ್ಟ. ಮುಖ ಚೌಕ ಚೌಕವಾಗಿ ಒಡೆಯಿತು, ದನಿ ಹೋಯಿತು. ಮಾಗ್ದಲೀನಾ ಪರದೆಗೆ ಕೈ ಚಾಚಿ, ಉಳಿದದ್ದನ್ನು ಅಪ್ಪನ ಮಾತಿನಲ್ಲೇ ತಾನು ಹೇಳತೊಡಗಿದಳು. "ನಮ್ಮಪ್ಪಗ ಮಣ್ಣು ಕೊಟ್ಟದ್ದು ಇಲ್ಲೇ. ಈ ಹಲಸು ಆತ ನೆಟ್ಟದ್ದು. ನನ್ನ ಮದವಿಕಿಂತ ಮೊದಲಿಂದು." ಪರದೆಯಲ್ಲಿ ಅಪ್ಪ ಮತ್ತೆ ಅಲುಗಾಡುವ ಹೊತ್ತಿಗೆ ನಾಲ್ಕನೆಯ ಮೂಲೆ ಬಂದಿತ್ತು.

ಆಕೆ ಕಣ್ಣೊರೆಸಿಕೊಂಡಳು. "ಆ ಹೊಲದಾವನ ಕೈ ಸೇದಿ ಹೋಗ್ಲಿ" ಎಂದು ಶಪಿಸಿದಳು.

ಹೇಳದೆ ಇರಲು ಆಗಲಿಲ್ಲ. "ಅವರ ತೂತಿಂದ ಆಗಿದ್ದಲ್ಲ, ಮಾಗ್ದಲೀನಾ. ನನ್ನ ಕೈಯಿಂದ ಆಗಿದ್ದು" ಎಂದು ಸೀಡಿಯನ್ನು ಬೆಳಕಿಗೆ ಹಿಡಿದು ತೋರಿಸಿದೆ. ಅವತ್ತಿನ ಪೆನ್ನು, ಅವತ್ತಿನ ಸಿಟ್ಟು, ಎಲ್ಲ ಹೇಳಿದೆ.

ಆಕೆ ಅಕ್ಷರಗಳನ್ನು ನೋಡಿದಳು. ಹದಿನೈದು ವರ್ಷದಲ್ಲಿ ಒಮ್ಮೆಯೂ ನನ್ನ ಮುಂದೆ ದನಿ ಎತ್ತದವಳು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು.

"ನಿನ್ನಿ ಆ ಹುಡುಗಗ ಎಷ್ಟ ಬೈದ್ರಿ! ನನಗ ಬೈದ್ರಿ, ಗಂಗಾಳಾ ತಿಕ್ಕಬ್ಯಾಡ ಅಂತ. ನಮ್ಮಪ್ಪ ಏನ ಕೇಳಿದ್ದ ನಿಮಗ? ಅಳಿಸಿ ಹೋಗಬಾರದು ಅಂತ ಕೇಳಿದ್ದ. ನಮ್ಮಂಥಾವ್ರು ಎರಡ ಸಲ ಕೇಳಿದ್ರ ನಿಮಗೆಲ್ಲಾ ಸಿಟ್ಟ ಬರ್ತೇತಿ. ಕಚೇರಿಯಾವ್ರಿಗೆ ಬರ್ತೇತಿ, ಫಾರೆಸ್ಟ್ ಗಾರ್ಡಿಗೆ ಬರ್ತೇತಿ, ನಿಮಗೂ ಬರ್ತೇತಿ. ನಮಗ ಬರೂದಿಲ್ಲೇನ್ರಿ ಸಿಟ್ಟು? ಎಲ್ಲಿ ಹಾಕೂಣು ನಾವು ಅದನ್ನ?"

ಅಂಗಡಿಯಲ್ಲಿ ಜನ ಇದ್ದರು, ಎಲ್ಲರೂ ಕೇಳಿಸಿಕೊಂಡರು. ಮಾಗ್ದಲೀನಾ ಪೆನ್‌ಡ್ರೈವನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡಳು. "ಗುರುವಾರ ನೀವೂ ಬರಬೇಕು. ಫೋನಿನ್ಯಾಗ ಹೆಂಗ ಒದರಿದ್ರಿ, ಹಂಗ ಇದನ್ನೂ ಅಲ್ಲೇ ಹೇಳಬೇಕು" ಎಂದಳು.

ಹೋದೆ. ವಿಚಾರಣೆ ನಡೆಸುವ ಸಾಹೇಬರು ವಿಡಿಯೋ ನೋಡಿದರು. ಮೂರನೆಯ ಮೂಲೆಯಲ್ಲಿ ಕಾಯತಾನ ನಿಂತುಬಿಟ್ಟಾಗ "ಇಲ್ಲಿ ಏನಾಯ್ತು?" ಎಂದರು. ಕಪಾಟಿನ ಪಕ್ಕ ನಿಂತಿದ್ದ ತೆಳ್ಳನೆಯ ರುದ್ರೇಶ ನನ್ನನ್ನು ನೋಡಿದ. ನಾನು ಎದ್ದು ನಿಂತು, ಸೀಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ತೂತು ನಿಮ್ಮ ಕಚೇರಿಯದು, ಅದು ತಪ್ಪೇ. ಆದರೆ ಈ ನಲವತ್ತು ಸೆಕೆಂಡು ತಿಂದದ್ದು ನನ್ನ ಪೆನ್ನು ಎಂದೆ. ಹಾಗೆ ಬರೆದು ಸಹಿ ಹಾಕಿದ ಕಾಗದವನ್ನೂ ಮೇಜಿನ ಮೇಲಿಟ್ಟೆ.

ಸಾಹೇಬರು ಕನ್ನಡಕ ತೆಗೆದರು. "ಅಂದ್ರೆ ಮೂರನೇ ಮೂಲೆಯ ಬಗ್ಗೆ ಸಾಕ್ಷಿ ಇಲ್ಲ ಅಂತಾಯ್ತು."

ಮಾಗ್ದಲೀನಾ ಎದ್ದಳು. "ಸಾಹೇಬ್ರ, ಹಲಸಿನ ಮರಾ ಸೀಡಿಯಾಗಿಲ್ಲ, ನೆಲದಾಗ ಐತಿ. ನಮ್ಮಜ್ಜನೂ ನೆಲದಾಗ ಅದಾನ. ಹದಿನೈದು ವರ್ಷದಾಗ ಯಾರೂ ಬಂದು ನೋಡಿಲ್ಲ. ಈಗರ ಬರ್ರಿ. ನಾಕೂ ಮೂಲಿ ನಾ ನಡಸ್ತೇನಿ."

ಆ ಕೋಣೆಯಲ್ಲಿ ಅಷ್ಟು ಜೋರಾಗಿ ಯಾರೂ ಮಾತಾಡಿರಲಿಕ್ಕಿಲ್ಲ. ಸಾಹೇಬರು ಅವಳನ್ನೂ ಫೈಲನ್ನೂ ನೋಡಿದರು. ಮುಂದಿನ ಸೋಮವಾರ ಸ್ಥಳ ಪರಿಶೀಲನೆ, ಅಲ್ಲಿಯವರೆಗೆ ಜಮೀನಿನ ತಂಟೆಗೆ ಯಾರೂ ಹೋಗಕೂಡದು ಎಂದು ಬರೆಸಿದರು. ಹಕ್ಕು ಸಿಕ್ಕಿತು ಅಂತಲ್ಲ. ಆದರೆ ಇನ್ನು ಆ ಗದ್ದೆಗೆ ಅವರೇ ಕಾಲಿಡಬೇಕು.

ಅಲ್ಲಿಂದ ಮಾಗ್ದಲೀನಾ ನೇರ ನನ್ನ ಅಂಗಡಿಗೆ ಬಂದಳು. ಮನೆಯಲ್ಲಿ ಹಳೆಯ ಪ್ಲೇಯರ್ ಇದೆ, ಹೊಸ ಸೀಡಿಗೂ ಒಂದು ಹಾಕಿಕೊಡಿ ಎಂದಳು. ಹಾಕಿದೆ. ಮೊದಲಿಂದ ಕೊನೆಯವರೆಗೆ ಓದಿಸಿ ನೋಡಿದೆ. ಕವರಿಗೆ ಸೇರಿಸಿ ಕೊಡಲು ಹೋದರೆ ಆಕೆ ಕೈ ಚಾಚಲಿಲ್ಲ.

"ಹೆಸರು ಬರೀರಿ" ಎಂದಳು. "ನಮ್ಮಪ್ಪಂದು. ನಮ್ಮಜ್ಜಂದೂ."

ಡ್ರಾಯರ್ ತೆಗೆದು ಮಾರ್ಕರ್ ಹುಡುಕಿದೆ. ಅಂಗಡಿಯಲ್ಲಿ ಆರೇಳು ಜನ ಕಾಯುತ್ತಿದ್ದರು, ಯಾರೋ ಬಸ್ಸಿಗೆ ಹೊತ್ತಾಯಿತು ಎಂದು ಗೊಣಗಿದರು. ನಾನು ಮುಚ್ಚಳ ತೆಗೆದು ಸೀಡಿಯ ಮೇಲೆ ಕೈ ಇಟ್ಟೆ.

"ಮೆಲ್ಲಕ" ಎಂದಳು ಮಾಗ್ದಲೀನಾ. ನಗಲಿಲ್ಲ. ಕೊನೆಯ ಅಕ್ಷರ ಮುಗಿಯುವವರೆಗೂ ನನ್ನ ಕೈ ಮೇಲಿಂದ ಕಣ್ಣು ತೆಗೆಯಲಿಲ್ಲ.